ಸೆಲ್ಫ್ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ: ಹಳೆಯ ಡೀಸೆಲ್ ಪಿಕಪ್‌ನ ಪಂಪ್ ಬಿಚ್ಚಿಸುವ ಮೊದಲು

ಪ್ರಶ್ನೆ: ನಮ್ಮದು 2007ರ ಮಾಡೆಲ್‌ನ ಟಾಟಾ 207 ಡಿಐ ಪಿಕಪ್. ರಾಣೆಬೆನ್ನೂರು ಕಡೆಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲದ ಬಾಡಿಗೆ ಓಡಿಸುತ್ತೇವೆ. ಮೊನ್ನೆ ಸಂಜೆವರೆಗೆ ಚೆನ್ನಾಗಿ ಓಡಿತ್ತು. ಮನೆ ಮುಂದಿನ ಏರಿನಲ್ಲಿ ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿದ್ದೆವು. ಬೆಳಿಗ್ಗೆ ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಸೈಲೆನ್ಸರ್‌ನಲ್ಲಿ ಹೊಗೆಯೂ ಇಲ್ಲ. ಬ್ಯಾಟರಿ ಹೊಸದು ಹಾಕಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಹದಿನೈದು ದಿನದ ಹಿಂದಷ್ಟೇ ಡೀಸೆಲ್ ಫಿಲ್ಟರ್ ಬದಲಿಸಿದ್ದೇವೆ. ಆಮೇಲೆ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸ್ವಲ್ಪ ತಡವಾಗುತ್ತಿದ್ದದ್ದು ನಿಜ. ಮೆಕ್ಯಾನಿಕ್ ನೋಜಲ್‌ಗಳಿಗೆ ಡೀಸೆಲ್ ತಳ್ಳುವ ಪಂಪ್ ಬಿಚ್ಚಿ ಅಂಗಡಿಗೆ ಕೊಡಬೇಕು ಅನ್ನುತ್ತಾರೆ. ಕೊಡಲೇಬೇಕೆ?

ಉತ್ತರ: ಈಗಲೇ ಕೊಡಬೇಡಿ. ನೀವು ಬರೆದಿರುವುದರಲ್ಲೇ ಮೂರು ಸುಳಿವು ಇವೆ, ಮೂರೂ ಪಂಪ್‌ನ ಕಡೆಗಲ್ಲ, ಟ್ಯಾಂಕಿನಿಂದ ಪಂಪ್‌ವರೆಗಿನ ಡೀಸೆಲ್ ಪೈಪಿನ ಕಡೆಗೆ ಬೆರಳು ತೋರಿಸುತ್ತವೆ. ಫಿಲ್ಟರ್ ಬದಲಿಸಿದ ಮೇಲೆ ಬೆಳಿಗ್ಗೆ ತಡವಾಗತೊಡಗಿದ್ದು ಒಂದು. ಏರಿನಲ್ಲಿ ಮೂತಿ ಮೇಲಾಗಿ ನಿಂತ ರಾತ್ರಿಯೇ ಪೂರ್ತಿ ಕೈಕೊಟ್ಟದ್ದು ಇನ್ನೊಂದು. ಸೆಲ್ಫ್ ಜೋರಾಗಿ ತಿರುಗಿದರೂ ಹೊಗೆಯೇ ಇಲ್ಲ ಎಂಬುದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಸವೆದ ಪಂಪ್ ಒಂದೇ ರಾತ್ರಿಯಲ್ಲಿ ಸಾಯುವುದು ಅಪರೂಪ. ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟೇ ಸಾಯುತ್ತದೆ, ಆ ಮುನ್ಸೂಚನೆ ಬೇರೆ ರೀತಿಯದು, ಮುಂದೆ ಹೇಳುತ್ತೇನೆ.

ಮೊದಲು ಹೊಗೆಯ ವಿಷಯ. ಹಳೆಯ ಮೆಕ್ಯಾನಿಕಲ್ ಪಂಪ್‌ನ ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ, ಕಂಪ್ಯೂಟರ್ ಬೇಡ. ಪಿಸ್ಟನ್ ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಗಳಿಗೆಯಲ್ಲಿ ನೋಜಲ್‌ನಿಂದ ಡೀಸೆಲ್ ಮಂಜಿನಂತೆ ಚಿಮ್ಮಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಡೀಸೆಲ್ ಸಿಲಿಂಡರ್ ಒಳಗೆ ಬೀಳುತ್ತಿದ್ದು ಹೊತ್ತಿಕೊಳ್ಳದೆ ಹೋದರೆ, ಸೈಲೆನ್ಸರ್‌ನಲ್ಲಿ ಬಿಳಿ ಅಥವಾ ಬೂದು ಹೊಗೆ ಬಂದೇ ಬರುತ್ತದೆ, ಕಣ್ಣು ಮೂಗು ಉರಿಯುತ್ತದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರ್‌ವರೆಗೆ ಬರುತ್ತಿಲ್ಲ ಎಂದೇ ಅರ್ಥ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಇದನ್ನು ಖಚಿತ ಮಾಡಿಕೊಳ್ಳಲಿ. ಮುಂಜಾನೆಯ ಮಬ್ಬಿನಲ್ಲಿ ತೆಳು ಹೊಗೆ ಕಾಣದೆ ಹೋಗಬಹುದು, ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ಮುಂದಿನ ದಾರಿಯೆಲ್ಲ ಇದರ ಮೇಲೆಯೇ ನಿಂತಿದೆ.

ಕೆಲಸ ಶುರು ಮಾಡುವ ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಏರಿನಲ್ಲಿ ನಿಂತಿದ್ದರೆ ತಳ್ಳಿ ಮಟ್ಟಸ ಜಾಗಕ್ಕೆ ತಂದರೆ ಇನ್ನೂ ಒಳ್ಳೆಯದು. ಸೆಲ್ಫ್ ಒಮ್ಮೆಗೆ 10–15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಡೀಸೆಲ್ ಇಲ್ಲದ ಎಂಜಿನ್‌ಗೆ ಸೆಲ್ಫ್ ಹೊಡೆದೂ ಹೊಡೆದೂ ಕೊನೆಗೆ ಸೆಲ್ಫ್ ಮೋಟಾರಿನ ಆರ್ಮೇಚರ್ ಸುಟ್ಟುಕೊಂಡವರೇ ಹೆಚ್ಚು.

ಸ್ಟಾಪರ್

ಎಂಜಿನ್ ಬಂದ್ ಮಾಡಲು ಪಂಪ್‌ನಲ್ಲಿ ಡೀಸೆಲ್ ತಡೆಯುವ ಸಾಧನವೇ ಸ್ಟಾಪರ್. ಅದನ್ನು ನೋಡುವುದು ಎರಡು ನಿಮಿಷದ ಕೆಲಸ, ಆದರೆ ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ. ನಿಮ್ಮ ಪಂಪ್ ಯಾವ ಬಗೆಯದು ನೋಡಿಕೊಳ್ಳಿ. ನಾಲ್ಕು ಡೀಸೆಲ್ ಪೈಪ್‌ಗಳು ಮೇಲ್ಗಡೆ ಒಂದೇ ಸಾಲಿನಲ್ಲಿ ಎದ್ದು ಹೊರಟಿದ್ದರೆ ಇನ್‌ಲೈನ್ ಪಂಪ್. ಒಂದೇ ಗುಂಡು ತಲೆಯಿಂದ ಸುತ್ತಲೂ ನಾಲ್ಕು ಪೈಪ್ ಹೊರಟಿದ್ದರೆ ರೋಟರಿ ಪಂಪ್.

ಇನ್‌ಲೈನ್ ಪಂಪ್ ಇದ್ದರೆ ಬಂದ್ ಮಾಡಲು ಎಳೆಯುವ ಸ್ಟಾಪರ್ ಕೇಬಲ್ ಇರುತ್ತದೆ. ಮಣ್ಣು, ತುಕ್ಕು ಸೇರಿ ಕೇಬಲ್ ಒಳಗೆ ಬಿಗಿದುಕೊಂಡರೆ, ಕ್ಯಾಬಿನ್‌ನಲ್ಲಿ ಗುಂಡಿ ಒಳಗೆ ಹೋದಂತೆ ಕಂಡರೂ ಪಂಪ್‌ನ ಮೇಲಿನ ಲಿವರ್ ಬಂದ್ ಸ್ಥಾನದಲ್ಲೇ ಉಳಿದಿರುತ್ತದೆ. ಬಾನೆಟ್ ಎತ್ತಿ ಆ ಲಿವರನ್ನು ಕೈಯಿಂದ ಅತ್ತಿತ್ತ ಆಡಿಸಿ. ಸ್ಪ್ರಿಂಗ್‌ನ ಬಲಕ್ಕೆ ತಾನೇ ಚಟ್ಟನೆ ಹಿಂದೆ ಹೋಗಬೇಕು. ಹೋಗದಿದ್ದರೆ ಕೇಬಲ್ ಕಳಚಿ ಲಿವರನ್ನು ಓಡುವ ಸ್ಥಾನಕ್ಕೆ ಬಿಟ್ಟು ಸೆಲ್ಫ್ ಹೊಡೆಯಿರಿ.

ರೋಟರಿ ಪಂಪ್ ಇದ್ದರೆ ಪೈಪ್‌ಗಳು ಹೊರಡುವ ತಲೆಯ ಹತ್ತಿರ ಒಂಟಿ ವೈರ್ ಇರುವ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ತೆರೆಯುವ ವಾಲ್ವ್ ಕಾಣುತ್ತದೆ. ಕೀ ಆನ್ ಮಾಡಿದಾಗ ಅದಕ್ಕೆ ಕರೆಂಟ್ ಹೋಗಿ ಒಳಗಿನ ಪ್ಲಂಜರ್ ಮೇಲೆದ್ದು ಡೀಸೆಲ್‌ಗೆ ದಾರಿ ಬಿಡಬೇಕು. ಕೀ ಆನ್ ಇಟ್ಟು ಆ ವೈರನ್ನು ಕಳಚಿ ಮತ್ತೆ ತಾಗಿಸಿ, ಪ್ರತಿ ಸಲವೂ "ಟಿಕ್" ಎಂಬ ಸದ್ದು ಬರಬೇಕು. ಬರದಿದ್ದರೆ ಟೆಸ್ಟ್ ಲ್ಯಾಂಪ್ ಹಿಡಿದು ವೈರ್‌ನಲ್ಲಿ ಕರೆಂಟ್ ಇದೆಯೇ ನೋಡಿ. ಇಲ್ಲೊಂದು ಮರೆಮೋಸ ಇದೆ: ಕೀ ಆನ್ ಇದ್ದಾಗ 12 ವೋಲ್ಟ್ ತೋರಿಸಿ, ಸೆಲ್ಫ್ ಹೊಡೆಯುವಾಗ ಮಾತ್ರ ಕರೆಂಟ್ ಸಾಯುವುದುಂಟು. ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದ ಹಳೆಯ ಗಾಡಿಗಳಲ್ಲಿ, ಅದರಲ್ಲೂ ಮ್ಯೂಸಿಕ್ ಸಿಸ್ಟಂ, ಫಾಗ್ ಲ್ಯಾಂಪ್‌ಗೆಲ್ಲ ಅಲ್ಲಿಂದಲೇ ವೈರ್ ಎಳೆದಿರುವ ಗಾಡಿಗಳಲ್ಲಿ ಇದು ಸಾಮಾನ್ಯ. ಹಾಗಾಗಿ ಸೆಲ್ಫ್ ಹೊಡೆಯುತ್ತಿರುವಾಗಲೇ ಲ್ಯಾಂಪ್ ಉರಿಯುತ್ತಿದೆಯೇ ನೋಡಬೇಕು. ಅನುಮಾನ ಬಂದರೆ 5 ಆಂಪಿಯರ್ ಫ್ಯೂಸ್ ಇರುವ ವೈರ್‌ನಿಂದ ಬ್ಯಾಟರಿ ಪಾಸಿಟಿವ್ ಅನ್ನು ನೇರವಾಗಿ ಸೊಲೆನಾಯ್ಡ್‌ಗೆ ಕೊಡಿ. ಎಂಜಿನ್ ಎದ್ದರೆ ಪಂಪ್ ನಿರಪರಾಧಿ, ದೋಷ ವೈರಿಂಗ್‌ನದು. ಬಂದ್ ಮಾಡಲು ಆ ವೈರ್ ಕಿತ್ತರೆ ಸಾಕು.

ಕರೆಂಟ್ ಬಂದರೂ ಸದ್ದಿಲ್ಲವೆಂದರೆ ಸೊಲೆನಾಯ್ಡ್ ಸತ್ತಿದೆ. ದಾರಿಯಲ್ಲಿ ಸಿಕ್ಕಿಬಿದ್ದವರು ಅದನ್ನು ಬಿಚ್ಚಿ ಒಳಗಿನ ಪ್ಲಂಜರ್, ಸ್ಪ್ರಿಂಗ್ ತೆಗೆದು ಮತ್ತೆ ಹಾಗೇ ಕೂರಿಸಿ ಮನೆ ಸೇರುತ್ತಾರೆ. ಆಗ ಕೀಯಿಂದ ಎಂಜಿನ್ ಬಂದ್ ಆಗುವುದಿಲ್ಲ, ಪಂಪ್ ಮೇಲೆ ಕೈ ಲಿವರ್ ಇದ್ದರೆ ಅದರಿಂದ, ಇಲ್ಲವಾದರೆ ಟಾಪ್ ಗೇರ್ ಹಾಕಿ ಬ್ರೇಕ್ ತುಳಿದು ಕ್ಲಚ್ ಬಿಟ್ಟು ನಿಲ್ಲಿಸಬೇಕು. ಬಿಚ್ಚುವಾಗ ಸುತ್ತಲಿನ ಮಣ್ಣು ಒಂದು ಕಣವೂ ಒಳಗೆ ಬೀಳಬಾರದು. ಇದು ಮನೆ ಮುಟ್ಟುವಷ್ಟಕ್ಕೆ ಮಾತ್ರ.

ಕ್ಯಾನ್ ಪರೀಕ್ಷೆ

ಸ್ಟಾಪರ್ ಸರಿಯಿದ್ದರೆ ಮುಂದಿನದು ಇದು. ನನ್ನ ಮಟ್ಟಿಗೆ ಹಳೆಯ ಡೀಸೆಲ್ ಗಾಡಿಯಲ್ಲಿ ಇದಕ್ಕಿಂತ ಖಚಿತವಾದ, ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಪಂಪ್ ಬಿಚ್ಚಬೇಕು ಎನ್ನುವ ಯಾರಿಗೇ ಆಗಲಿ ಮೊದಲು ಇದನ್ನು ಮಾಡಿ ತೋರಿಸಿ ಎಂದು ಕೇಳಿ.

ಬೇಕಾದದ್ದು: ಶುದ್ಧವಾದ 5 ಲೀಟರ್ ಕ್ಯಾನ್, ಅದರಲ್ಲಿ ಎರಡು ಮೂರು ಲೀಟರ್ ಹೊಸ ಡೀಸೆಲ್, ಪಂಪ್‌ನ ನಿಪ್ಪಲ್‌ಗೆ ಕೂರುವ ಅಳತೆಯ ಪಾರದರ್ಶಕ ಪೈಪ್ ಎರಡು ಮೀಟರ್, ನಾಲ್ಕು ಕ್ಲಿಪ್, ಕ್ಯಾನಿನ ಪೈಪಿನ ನಡುವೆ ಕೂರಿಸಲು ದ್ವಿಚಕ್ರ ವಾಹನಕ್ಕೆ ಹಾಕುವ ಚಿಕ್ಕ ಫಿಲ್ಟರ್ ಒಂದು. ರೋಟರಿ ಪಂಪ್ ಆದರೆ ಫಿಲ್ಟರ್‌ನಿಂದ ಪಂಪ್‌ಗೆ ಬರುವ ಪೈಪ್ ಕಳಚಿ, ಅಲ್ಲಿಗೆ ಕ್ಯಾನಿನ ಪೈಪ್ ಜೋಡಿಸಿ. ಪಂಪ್‌ನಿಂದ ಹಿಂದಿರುಗುವ ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಿ. ಇದನ್ನು ಮರೆಯಬೇಡಿ, ಪಂಪ್ ಎಳೆದುಕೊಂಡದ್ದರಲ್ಲಿ ದೊಡ್ಡ ಪಾಲು ರಿಟರ್ನ್‌ನಲ್ಲೇ ವಾಪಸ್ ಬರುತ್ತದೆ. ಇನ್‌ಲೈನ್ ಪಂಪ್ ಆದರೆ ಅದರ ಪಕ್ಕಕ್ಕೆ ಅಂಟಿಕೊಂಡಿರುವ, ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪ್‌ನ ಒಳದಾರಿಗೆ ಕ್ಯಾನಿನ ಪೈಪ್ ಕೊಡಿ. ಕ್ಯಾನ್ ಪಂಪ್‌ಗಿಂತ ಒಂದೆರಡು ಅಡಿ ಎತ್ತರದಲ್ಲಿರಲಿ, ಬಾನೆಟ್‌ಗೆ ತೂಗುಹಾಕಿದರೂ ಆದೀತು, ಆದರೆ ಸೈಲೆನ್ಸರ್ ಮ್ಯಾನಿಫೋಲ್ಡ್‌ನ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ.

ಈಗ ಏರ್ ತೆಗೆದು, ಅಂದರೆ ಮುಂದೆ ಹೇಳುವ ಕ್ರಮದಲ್ಲಿ ಗಾಳಿ ಹೊರಹಾಕಿ (ಕ್ಯಾನನ್ನು ನೇರ ರೋಟರಿ ಪಂಪ್‌ಗೆ ಕೊಟ್ಟಿದ್ದರೆ ನೋಜಲ್ ಕಡೆಯದು ಮಾತ್ರ), ಸೆಲ್ಫ್ ಹೊಡೆಯಿರಿ. ಎಂಜಿನ್ ಎದ್ದು ಹತ್ತು ನಿಮಿಷ ಒಂದೇ ಸಮ ಓಡಿದರೆ ಪಂಪ್, ನೋಜಲ್, ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತುವ ಬಲ), ಟೈಮಿಂಗ್ (ಡೀಸೆಲ್ ಚಿಮ್ಮುವ ಗಳಿಗೆ) ಎಲ್ಲವೂ ಕೆಲಸ ನಡೆಸುವಷ್ಟು ಸರಿಯಿವೆ ಎಂದಾಯಿತು. ದೋಷ ಟ್ಯಾಂಕಿಗೂ ಕ್ಯಾನ್ ಜೋಡಿಸಿದ ಜಾಗಕ್ಕೂ ನಡುವೆ ಇದೆ. ನಿಮ್ಮ ಗಾಡಿಯಲ್ಲಿ ಹೀಗೇ ಆಗುತ್ತದೆ ಎಂಬುದು ನನ್ನ ಅಂದಾಜು.

ಏರ್ ತೆಗೆಯುವ ಕ್ರಮ

ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ, ಅಂದರೆ ಗಾಳಿ ಬಿಡುವ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಹ್ಯಾಂಡ್ ಪ್ರೈಮರ್, ಅಂದರೆ ಕೈಯಿಂದ ಡೀಸೆಲ್ ತಳ್ಳುವ ಚಿಕ್ಕ ಪಂಪ್ ಒತ್ತುತ್ತಾ ಹೋಗಿ. ಇನ್‌ಲೈನ್‌ನಲ್ಲಿ ಪ್ರೈಮರ್ ಫೀಡ್ ಪಂಪ್‌ನ ಮೇಲೆ ಇರುತ್ತದೆ, ರೋಟರಿಯಲ್ಲಿ ಹೆಚ್ಚಾಗಿ ಫಿಲ್ಟರ್ ತಲೆಯ ಮೇಲೆ. ಮೊದಲು ಬುಸ್ ಎನ್ನುವ ಗಾಳಿ, ಆಮೇಲೆ ನೊರೆ, ಕೊನೆಗೆ ನೊರೆಯಿಲ್ಲದ ಡೀಸೆಲ್ ಬರಬೇಕು. ನೊರೆ ನಿಲ್ಲುವವರೆಗೆ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇನ್‌ಲೈನ್ ಪಂಪ್‌ನ ಮೈಮೇಲೂ ಒಂದೆರಡು ಬ್ಲೀಡ್ ಸ್ಕ್ರೂ ಇರುತ್ತವೆ, ಅಲ್ಲೂ ಇದೇ ರೀತಿ. ಐವತ್ತು ಅರವತ್ತು ಸಲ ಒತ್ತಿದರೂ ಪ್ರೈಮರ್ ಗಟ್ಟಿಯಾಗದಿದ್ದರೆ ಒಂದೋ ಅದು ಎಲ್ಲಿಂದಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪ್ರೈಮರ್‌ನ ವಾಲ್ವ್ ಹಿಡಿಯುತ್ತಿಲ್ಲ.

ಆಮೇಲೆ ನೋಜಲ್ ಕಡೆ ಬನ್ನಿ. ಎರಡು ನೋಜಲ್‌ನ ಪೈಪ್ ನಟ್‌ಗಳನ್ನು ಅರ್ಧ ಅಥವಾ ಒಂದು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಸೆಲ್ಫ್ ಹೊಡೆದಾಗ ಅಲ್ಲಿಂದ ಮೊದಲು ಗುಳ್ಳೆ, ಆಮೇಲೆ ಪುಚಕ್ ಪುಚಕ್ ಎಂದು ಡೀಸೆಲ್ ಬರಬೇಕು. ಬಂದ ಕೂಡಲೇ ಒಂದೊಂದಾಗಿ ಬಿಗಿ ಮಾಡಿ. ಎರಡನೆಯದನ್ನು ಬಿಗಿಯುವ ಹೊತ್ತಿಗೆ ಎಂಜಿನ್ ಕುಂಟುತ್ತಾ ಎದ್ದಿರುತ್ತದೆ. ಚಿಮ್ಮುವ ಜಾಗಕ್ಕೆ ಕೈ, ಮುಖ ಹತ್ತಿರ ತರಬೇಡಿ, ಬೆರಳಿಟ್ಟು ಒತ್ತಡ ನೋಡುವ ಅಭ್ಯಾಸವಂತೂ ಬಿಡಿ. ಡಿಐ ಎಂಜಿನ್ನಿನ ನೋಜಲ್ ತೆರೆದುಕೊಳ್ಳುವುದೇ 200 ಬಾರ್ ಆಸುಪಾಸಿನಲ್ಲಿ. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಇದ್ದರೂ ಒಳಗೆ ಮಾಂಸ ಸಾಯುತ್ತಿರುತ್ತದೆ, ತಡಮಾಡಿದರೆ ಬೆರಳೇ ಹೋಗಬಹುದು. ಹಾಗಾದರೆ ನೋವಿಲ್ಲದಿದ್ದರೂ ಅದೇ ಗಂಟೆ ಆಸ್ಪತ್ರೆಗೆ ಹೋಗಿ.

ರೋಟರಿ ಪಂಪ್ ಮೇಲೆ ಇನ್ನೊಂದು ಎಚ್ಚರ. ಒಳಬರುವ ಮತ್ತು ರಿಟರ್ನ್ ಪೈಪ್‌ಗಳನ್ನು ಹಿಡಿದಿಡುವ ಎರಡೂ ಬ್ಯಾಂಜೊ ಬೋಲ್ಟ್‌ಗಳು (ಒಳಗೆ ಟೊಳ್ಳಾಗಿದ್ದು ಡೀಸೆಲ್ ಹಾಯುವ ಬೋಲ್ಟ್) ನೋಡಲು ಒಂದೇ ಥರ. ಆದರೆ ರಿಟರ್ನ್ ಬೋಲ್ಟ್‌ನ ತಲೆಯ ಮೇಲೆ "ಔಟ್" ಎಂದು ಇಂಗ್ಲಿಷ್ ಅಕ್ಷರ ಕೊರೆದಿರುತ್ತದೆ, ಒಳಗೆ ಕೂದಲೆಳೆಯಂಥ ಸಣ್ಣ ರಂಧ್ರ ಇರುತ್ತದೆ. ಪಂಪ್‌ನೊಳಗೆ ಬೇಕಾದಷ್ಟು ಒತ್ತಡ ಉಳಿಯುವುದೇ ಆ ರಂಧ್ರದಿಂದ. ಏರ್ ತೆಗೆಯುವ ಗಡಿಬಿಡಿಯಲ್ಲಿ ಇವೆರಡನ್ನು ಅದಲುಬದಲು ಮಾಡಿದರೆ, ಸರಿಯಿದ್ದ ಪಂಪ್ ಕೂಡ ಕೆಟ್ಟ ಪಂಪ್‌ನಂತೆ ನಡೆದುಕೊಳ್ಳುತ್ತದೆ.

ಗಾಳಿ ಎಲ್ಲಿಂದ ಹೊಕ್ಕಿತು

ಏರ್ ತೆಗೆದರೆ ಇವತ್ತಿಗೆ ಗಾಡಿ ಎದ್ದೀತು, ನಾಳೆ ಬೆಳಿಗ್ಗೆ ಮತ್ತೆ ಅದೇ ಕಥೆ. ತೂತು ಹುಡುಕಲೇಬೇಕು. ಹುಡುಕುವುದು ಕಷ್ಟವಾಗುವುದು ಏಕೆಂದರೆ, ಟ್ಯಾಂಕಿನಿಂದ ಪಂಪ್‌ವರೆಗಿನ ಪೈಪ್‌ನಲ್ಲಿ ಡೀಸೆಲ್ ಒತ್ತಡದಲ್ಲಿಲ್ಲ, ಎಳೆತದಲ್ಲಿದೆ. ಸಂದಿಯಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ. ಎಂಜಿನ್ ಓಡುತ್ತಿರುವಾಗ ಎಳೆತ ಜೋರಾಗಿರುವುದರಿಂದ ಸಣ್ಣ ಗುಳ್ಳೆಗಳು ರಿಟರ್ನ್‌ನಲ್ಲಿ ಹೊರಟುಹೋಗುತ್ತವೆ, ಗೊತ್ತೇ ಆಗುವುದಿಲ್ಲ. ರಾತ್ರಿ ನಿಂತಾಗ ಆ ಸಂದಿಯಿಂದ ಗಾಳಿ ಬಂದು, ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಮೂತಿ ಮೇಲಿದ್ದು ಟ್ಯಾಂಕ್ ಕೆಳಗಾದರೆ, ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದರೆ ಇನ್ನೂ ಬೇಗ. ಗಾಳಿ ಒತ್ತಿದರೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಪಂಪ್ ಒಂದೊಂದು ಏಟಿಗೆ ತಳ್ಳುವುದೇ ಒಂದೆರಡು ಹನಿಯಷ್ಟು. ಆ ಜಾಗದಲ್ಲಿ ಗಾಳಿ ಇದ್ದರೆ ನೋಜಲ್ ತೆರೆಯುವಷ್ಟು ಒತ್ತಡ ಏರುವುದೇ ಇಲ್ಲ.

ನಿಮ್ಮಲ್ಲಿ ಮೊದಲ ಅನುಮಾನ ಹದಿನೈದು ದಿನದ ಹಿಂದೆ ಕೈ ಹಾಕಿದ ಫಿಲ್ಟರ್ ಮೇಲೆ. ಬಟ್ಟಲಿನ ಫಿಲ್ಟರ್ ಆದರೆ ಹಳೆಯ ರಬ್ಬರ್ ರಿಂಗ್ ತೋಡಿನಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದನ್ನು ಕೂರಿಸಿಬಿಟ್ಟಿರುತ್ತಾರೆ. ಕಣ್ಣಿಗೆ ಸರಿಯಾಗಿ ಕೂತಂತೆ ಕಾಣುತ್ತದೆ, ಆದರೆ ಒಂದು ಬದಿ ಹಿಡಿದಿರುವುದಿಲ್ಲ. ನಡುವಿನ ಬೋಲ್ಟ್‌ನ ವಾಷರ್ ಹಳೆಯದನ್ನೇ ಹಾಕಿರುತ್ತಾರೆ. ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ರಬ್ಬರ್‌ಗೆ ಡೀಸೆಲ್ ಸವರದೆ ಒಣಗಿದ್ದಂತೆಯೇ ಬಿಗಿದು ರಿಂಗ್ ಮಡಚಿಕೊಂಡಿರುತ್ತದೆ. ಬ್ಯಾಂಜೊ ಬೋಲ್ಟ್‌ಗಳ ತಾಮ್ರದ ವಾಷರ್ ಒಂದು ಸಲ ಒತ್ತಿಸಿಕೊಂಡ ಮೇಲೆ ಗಟ್ಟಿಯಾಗಿ ಮತ್ತೆ ಹಿಡಿಯುವುದಿಲ್ಲ. ಹೊಸದು ಚಿಲ್ಲರೆ ಕಾಸಿಗೆ ಸಿಗುತ್ತದೆ, ಪ್ರತಿ ಬೋಲ್ಟ್‌ಗೂ ಎರಡು ಬೇಕು, ತಲೆಯ ಕೆಳಗೊಂದು, ಬ್ಯಾಂಜೊ ಕೆಳಗೊಂದು. ಸಿಗದ ಜಾಗದಲ್ಲಿ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗಿ ಒಂದು ಸಲಕ್ಕೆ ಕೆಲಸಕ್ಕೆ ಬರುತ್ತದೆ.

ಇಲ್ಲಿ ಪಂಪ್‌ನ ಬಗೆ ಮುಖ್ಯವಾಗುತ್ತದೆ. ಇನ್‌ಲೈನ್ ವ್ಯವಸ್ಥೆಯಲ್ಲಿ ಫಿಲ್ಟರ್ ಇರುವುದು ಫೀಡ್ ಪಂಪ್ ಆದಮೇಲೆ, ಅಂದರೆ ಒತ್ತಡದ ಕಡೆ. ಅಲ್ಲಿ ರಿಂಗ್ ಹಿಡಿಯದಿದ್ದರೆ ಓಡುವಾಗ ಡೀಸೆಲ್ ಒಸರಿ ಫಿಲ್ಟರ್‌ನ ಕೆಳಗೆ ಒದ್ದೆ, ಧೂಳು ಅಂಟಿದ ಗುರುತು ಕಾಣುತ್ತದೆ. ಬೇರೆ ಫೀಡ್ ಪಂಪ್ ಇಲ್ಲದ ರೋಟರಿ ವ್ಯವಸ್ಥೆಯಲ್ಲಿ ಫಿಲ್ಟರ್ ಎಳೆತದ ಕಡೆಗೇ ಬರುತ್ತದೆ, ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಮಾತ್ರ ಹೋಗುತ್ತಿರುತ್ತದೆ. ಹಾಗಾಗಿ "ಎಲ್ಲೂ ಲೀಕ್ ಇಲ್ಲ" ಎಂಬ ಮಾತನ್ನು ರೋಟರಿ ಪಂಪ್‌ನ ಗಾಡಿಯಲ್ಲಿ ನಂಬಬೇಡಿ.

ಫಿಲ್ಟರ್ ಸರಿಯಿದ್ದರೆ ರಬ್ಬರ್ ಪೈಪ್‌ಗಳು. ಚಾಸಿಸ್ ಪಕ್ಕ ಲೋಹದ ಪೈಪ್‌ಗೂ ಎಂಜಿನ್‌ಗೂ ನಡುವೆ ಒಂದು ತುಂಡು, ಟ್ಯಾಂಕಿನ ಮೇಲೆ ಒಂದು ತುಂಡು. ಹದಿನೈದು ವರ್ಷ ದಾಟಿದ ರಬ್ಬರನ್ನು ಬಗ್ಗಿಸಿದರೆ ಬಿರುಕು ಬಿಡುತ್ತದೆ. ಕ್ಲಿಪ್‌ನ ಕೆಳಗಿನ ಭಾಗ ಗಾಜಿನಂತೆ ಗಟ್ಟಿಯಾಗಿರುತ್ತದೆ, ಅಲ್ಲೇ ಗಾಳಿ ಹೋಗುವುದು. ಕ್ಲಿಪ್ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ, ಪೈಪ್ ಬದಲಿಸಿ. ಕಾಳು, ಮೆಣಸಿನಕಾಯಿ ಸಾಗಿಸುವ ಗಾಡಿಗಳಲ್ಲಿ ಇಲಿ ಕಡಿದಿರುವುದನ್ನೂ ನೋಡಿ, ಹಲ್ಲಿನ ಗುರುತು ಹೆಚ್ಚಾಗಿ ಪೈಪಿನ ಕೆಳಮೈಯಲ್ಲಿ ಇರುತ್ತದೆ. ಡೀಸೆಲ್‌ಗೆಂದೇ ಮಾಡಿದ ಪೈಪ್ ಕೇಳಿ ತನ್ನಿ. ನೀರಿನ ಪೈಪ್, ಗ್ಯಾಸ್ ಪೈಪ್ ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಒಳಪದರ ಕಿತ್ತುಬರುತ್ತದೆ. ಪರೀಕ್ಷೆಗೆ ಹಾಕಿದ ಪಾರದರ್ಶಕ ಪೈಪನ್ನೂ ಕಾಯಂ ಬಿಡಬೇಡಿ, ಬಿಸಿಗೆ ಸೆಟೆದುಕೊಳ್ಳುತ್ತದೆ.

ಆದರೂ ಸಿಗದಿದ್ದರೆ ಎಳೆತವನ್ನು ಒತ್ತಡವಾಗಿ ಬದಲಿಸಿ. ಟ್ಯಾಂಕಿನ ಬಳಿ ಪೈಪ್ ಕಳಚಿ, ಆ ತುದಿಗೆ ಎತ್ತರದಲ್ಲಿಟ್ಟ ಕ್ಯಾನ್ ಜೋಡಿಸಿ, ಪಂಪ್ ಕಡೆಯ ತುದಿ ಮುಚ್ಚಿ ಬಿಡಿ. ಪ್ರತಿ ಕೀಲನ್ನೂ ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿ ಸವರಿ ಒಂದು ಗಂಟೆ ಬಿಡಿ. ಸೋರುವ ಜಾಗದಲ್ಲಿ ಪುಡಿ ಒದ್ದೆಯಾಗಿ ಬಣ್ಣ ತಿರುಗುತ್ತದೆ. ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಕೊಟ್ಟು ಪರೀಕ್ಷಿಸುವವರಿದ್ದಾರೆ, ಬೇಡ. ತಗಡು ಉಬ್ಬುತ್ತದೆ, ಕೀಲು ಒಡೆಯುತ್ತದೆ, ಬಿಸಿ ಎಂಜಿನ್ ಬಳಿ ಡೀಸೆಲ್ ಚಿಮ್ಮಿದರೆ ಬೆಂಕಿಯ ಭಯ.

ಕೊನೆಯದಾಗಿ ಟ್ಯಾಂಕಿನೊಳಗಿನ ಎಳೆಯುವ ಕೊಳವೆ. ತುಕ್ಕು ಹಿಡಿದು ನಡುವೆ ತೂತಾದರೆ ಟ್ಯಾಂಕ್ ತುಂಬಿದ್ದಾಗ ಗಾಡಿ ಸರಿಯಿರುತ್ತದೆ, ಅರ್ಧಕ್ಕಿಂತ ಇಳಿದಾಗ ಗಾಳಿ ಎಳೆಯುತ್ತದೆ. ತುಂಬಿಸಿದಾಗ ವಾಸಿಯಾಗುವ ರೋಗ ಕಂಡರೆ ಇದನ್ನೇ ಹಿಡಿಯಿರಿ.

ನೀರು, ಕೆಸರು, ಮುಚ್ಚಳ

ಗಾಳಿಯಲ್ಲದೆ ಡೀಸೆಲ್ ಬರದಿರುವುದಕ್ಕೆ ಇನ್ನೂ ಎರಡು ಮೂರು ಕಾರಣ. ಫಿಲ್ಟರ್ ಅಥವಾ ವಾಟರ್ ಸೆಪರೇಟರ್‌ನ ತಳದ ಸ್ಕ್ರೂ ಬಿಚ್ಚಿ ಕಾಲು ಲೀಟರ್‌ನಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ಕೂರುತ್ತದೆ. ಕಪ್ಪು ಲೋಳೆ ಬಂದರೆ ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದು. ಆಗ ಫಿಲ್ಟರ್ ಒಂದನ್ನೇ ಬದಲಿಸಿ ಉಪಯೋಗವಿಲ್ಲ, ಟ್ಯಾಂಕ್ ಇಳಿಸಿ ತೊಳೆಸಬೇಕು. ಮಳೆಗಾಲದಲ್ಲಿ ಡ್ರಮ್ಮು, ಕ್ಯಾನುಗಳಲ್ಲಿ ಡೀಸೆಲ್ ಇಟ್ಟುಕೊಂಡು ಹಾಕುವವರಿಗೆ ಇದು ಹೆಚ್ಚು. ನೀರು ಕಂಡಮೇಲೆ ಸೆಲ್ಫ್ ಹೊಡೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಪಂಪ್‌ನೊಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ನೀರು ಹೋದರೆ ತುಕ್ಕು ಹಿಡಿದು ಜಾಮ್ ಆಗುತ್ತವೆ. ಒಂದೇ ದಿನದಲ್ಲಿ ಪಂಪ್ ಸಾಯುವ ಕೆಲವೇ ದಾರಿಗಳಲ್ಲಿ ಇದೊಂದು.

ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರ ಮಣ್ಣಿನಿಂದ ಮುಚ್ಚಿಹೋದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಡೀಸೆಲ್ ಬರುವುದು ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಇದೇ. ಮುಳ್ಳು ತೋರಿಸುವ ಡೀಸೆಲ್ ಮಟ್ಟವನ್ನು ಹಳೆಯ ಗಾಡಿಯಲ್ಲಿ ನಂಬಬೇಡಿ, ಕಡ್ಡಿ ಇಳಿಸಿ ನೋಡಿ.

ಬಿಳಿ ಹೊಗೆ ಬಂದರೆ

ನಿಮ್ಮದು ಹಾಗಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ. ಡೀಸೆಲ್ ಬೀಳುತ್ತಿದೆ, ಹೊತ್ತುತ್ತಿಲ್ಲ ಎಂದಾಗ ಮೊದಲ ಅನುಮಾನ ಸೆಲ್ಫ್‌ನ ವೇಗದ್ದು. ಎಂಜಿನ್ ನಿಮಿಷಕ್ಕೆ 150–200 ಸುತ್ತಾದರೂ ತಿರುಗಬೇಕು, ನಿಧಾನವಾದರೆ ಒತ್ತಿದ ಗಾಳಿ ಕಾಯುವ ಮೊದಲೇ ರಿಂಗ್‌ಗಳ ಪಕ್ಕದಿಂದ ಸೋರಿಹೋಗುತ್ತದೆ. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಆದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಚೆನ್ನಾಗಿದ್ದೂ ನಿಧಾನವಾದರೆ, ಸೆಲ್ಫ್ ಹೊಡೆಯುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಬರಿ ಲೋಹಕ್ಕೆ ಹಿಡಿಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಹೋಗಿದೆ. ಹೊಸ ಬ್ಯಾಟರಿ ಕೊಳ್ಳುವ ಮೊದಲು ನೀವೂ ಈ ಎರಡು ಅಳತೆ ತೆಗೆದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ ವಿಷಯದಲ್ಲಿ ಗೊಂದಲ ಬೇಡ. ನಿಮ್ಮ 2956 ಸಿಸಿ ಡಿಐ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಚಿಮ್ಮುತ್ತದೆ. ಇಂಥವು ನಮ್ಮ ಬಯಲುಸೀಮೆಯ ಚಳಿಗೆ ಹೀಟರ್ ಇಲ್ಲದೆಯೇ ಏಳಬೇಕು. ಅದಕ್ಕಿಂತ ಹಳೆಯ ಟಾಟಾಮೊಬೈಲ್‌ನ 1948 ಸಿಸಿಯಂಥ, ಪಕ್ಕದ ಕೋಣೆಯಲ್ಲಿ ಡೀಸೆಲ್ ಉರಿಸುವ ಎಂಜಿನ್‌ಗಳಿಗೆ ಹೀಟರ್ ಬೇಕೇ ಬೇಕು. ಅವುಗಳಲ್ಲಿ ಪ್ಲಗ್ ಬಿಚ್ಚಿ ಮೀಟರಿನಲ್ಲಿ ಅಳೆದರೆ ಒಂದು ಓಮ್ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ದಾರಿಯೇ ಇಲ್ಲವೆಂದು ತೋರಿಸಿದರೆ ಸುಟ್ಟಿದೆ.

ಸೆಲ್ಫ್ ಎಂದಿಗಿಂತ ಹಗುರವಾಗಿ, ಏರಿಳಿತವಿಲ್ಲದೆ ಗಿರ್ರೆಂದು ತಿರುಗಿದರೆ ಕಂಪ್ರೆಷನ್ ಇಲ್ಲ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಹರಿದಿದೆ, ಇನ್ನೊಂದು ಸಲವೂ ಹೊಡೆಯಬೇಡಿ, ವಾಲ್ವ್ ಬಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನೀರಿನಲ್ಲಿ ಇಳಿದು ಬಂದ ಗಾಡಿ ಅಥವಾ ಹೆಡ್ ಗ್ಯಾಸ್ಕೆಟ್ ಹೋದ ಗಾಡಿ ಅರ್ಧ ಸುತ್ತು ತಿರುಗಿ ಟಕ್ ಎಂದು ನಿಂತರೆ, ಸಿಲಿಂಡರ್‌ನಲ್ಲಿ ನೀರು ನಿಂತಿರಬಹುದು. ತಳ್ಳಿ, ಎಳೆದು ಸ್ಟಾರ್ಟ್ ಮಾಡಲು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೋಜಲ್‌ಗಳನ್ನು ಬಿಚ್ಚಿ ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು.

ಏರ್ ಫಿಲ್ಟರ್ ಬಾಯಿಗೆ ಈಥರ್ ಸ್ಪ್ರೇ ಹೊಡೆಯುವ ಪದ್ಧತಿ ಹೆಚ್ಚಾಗಿದೆ. ಡೀಸೆಲ್ ಬರದ ಎಂಜಿನ್‌ಗೆ ಅದು ಎರಡು ಸಲ ಕೆಮ್ಮಿಸುತ್ತದೆ, ಅಷ್ಟೇ. ಹೀಟರ್ ಇರುವ ಎಂಜಿನ್‌ನಲ್ಲಿ ಒಳಗೇ ಸಿಡಿದು ಪಿಸ್ಟನ್ ರಿಂಗ್ ಮುರಿಯಬಹುದು. ಹಾಗೆಯೇ ಡೀಸೆಲ್ಲೇ ಬರದಾಗ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸುವುದೂ ದಂಡ.

ಪಂಪ್‌ನದೇ ತಪ್ಪು ಎಂದು ಯಾವಾಗ ಒಪ್ಪಬೇಕು

ಕ್ಯಾನಿನಿಂದ ಶುದ್ಧ ಡೀಸೆಲ್ ಕೊಟ್ಟು, ಸ್ಟಾಪರ್ ತೆರೆದಿದೆಯೆಂದು ಖಚಿತವಾಗಿ, ಗಾಳಿ ಪೂರ್ತಿ ಹೋದಮೇಲೂ ಸಡಿಲಿಸಿದ ನೋಜಲ್ ನಟ್‌ಗಳಲ್ಲಿ ಡೀಸೆಲ್ ಚಿಮ್ಮದಿದ್ದರೆ ಆಗ ಪಂಪ್. ಮೊದಲು ಪಂಪ್‌ನ ಶಾಫ್ಟ್ ತಿರುಗುತ್ತಿದೆಯೇ ನೋಡಿ, ಗೇರನ್ನು ಶಾಫ್ಟ್‌ಗೆ ಹಿಡಿದಿಡುವ ಲೋಹದ ಕೀಲಿ ಕತ್ತರಿಸಿಹೋಗಿ ಗೇರ್ ತಿರುಗಿದರೂ ಶಾಫ್ಟ್ ನಿಂತಿರುವುದುಂಟು. ಸವೆದ ಪಂಪ್‌ನ ಮುನ್ಸೂಚನೆ ಎಂದೆನಲ್ಲ, ಅದು ಹೀಗೆ: ತಣ್ಣಗಿದ್ದಾಗ ಬೇಗ ಏಳುತ್ತದೆ, ಬಿಸಿಯಾಗಿ ಹತ್ತಿಪ್ಪತ್ತು ನಿಮಿಷ ನಿಲ್ಲಿಸಿದರೆ ಏಳುವುದಿಲ್ಲ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಪ್ಲಂಜರ್‌ನ ಸಂದಿಯಲ್ಲಿ ಸೋರಿಹೋಗುತ್ತದೆ. ಪಂಪ್‌ನ ತಲೆಗೆ ಒದ್ದೆ ಬಟ್ಟೆ ಸುತ್ತಿ ತಣಿಸಿದಾಗ ಎದ್ದರೆ ರೋಗ ಖಚಿತ. ನಿಮ್ಮದು ಇದಕ್ಕೆ ತದ್ವಿರುದ್ಧ, ಬಿಸಿಯಿದ್ದಾಗ ಸರಿ, ರಾತ್ರಿ ನಿಂತಮೇಲೆ ತೊಂದರೆ.

ಬಿಚ್ಚಲೇಬೇಕಾದರೆ, ಬಿಚ್ಚುವ ಮೊದಲು ಪಂಪ್‌ನ ಅಂಚಿನಿಂದ ಎಂಜಿನ್ ಮೈಯವರೆಗೆ ಉಳಿಯಿಂದ ತೆಳ್ಳನೆಯ ಗೆರೆ ಎಳೆಯಲು ಹೇಳಿ. ಟೈಮಿಂಗ್ ವಾಪಸ್ ಕೂರಿಸಲು ಆ ಗೆರೆ ಬೇಕು. ಪೈಪ್‌ಗಳ ಬಾಯಿಗೆಲ್ಲ ಪ್ಲಾಸ್ಟಿಕ್ ಕಟ್ಟಿ. ಪಂಪ್ ಕೂರಿಸಿ ಓಡಿಸಿ ಅಳೆಯುವ ಕ್ಯಾಲಿಬ್ರೇಷನ್ ಬೆಂಚ್ ಇರುವ ಅಂಗಡಿಗೇ ಕೊಡಿ, ನೋಜಲ್‌ಗಳನ್ನೂ ಜೊತೆಗೆ ಒತ್ತಡ ಪರೀಕ್ಷೆಗೆ ಕೊಡಿ, ಸ್ಟಾರ್ಟಿಂಗ್ ವೇಗದಲ್ಲಿ ನಾಲ್ಕೂ ಪೈಪಿನಿಂದ ಎಷ್ಟೆಷ್ಟು ಡೀಸೆಲ್ ಬಂತು ಎಂಬ ಬೆಂಚಿನ ಲೆಕ್ಕ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಪ್ಲಂಜರ್, ವಾಲ್ವ್‌ಗಳನ್ನು ಕೇಳಿ ವಾಪಸ್ ತನ್ನಿ.

ಇಷ್ಟೆಲ್ಲ ಹೇಳಿದ್ದು ಮೆಕ್ಯಾನಿಕಲ್ ಪಂಪ್‌ನ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ (ಎಲ್ಲ ನೋಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಕೊಡುವ, ಕಂಪ್ಯೂಟರ್ ನಡೆಸುವ ವ್ಯವಸ್ಥೆ) ಇರುವ ಪಿಕಪ್‌ಗಳಲ್ಲಿ ನೋಜಲ್ ನಟ್ ಸಡಿಲಿಸಿ ಸೆಲ್ಫ್ ಹೊಡೆಯಲೇಬೇಡಿ, ಎಂಜಿನ್ ಓಡುವಾಗ ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಅವುಗಳಲ್ಲಿ ಫಿಲ್ಟರ್‌ವರೆಗೆ ಮಾತ್ರ ಏರ್ ತೆಗೆದು, ಮುಂದಿನದನ್ನು ಸ್ಕ್ಯಾನರ್ ಇರುವವರಿಂದ ನೋಡಿಸಿ: ಸೆಲ್ಫ್ ಹೊಡೆಯುವಾಗ ರೈಲ್‌ನಲ್ಲಿ ಒತ್ತಡ ಏರುತ್ತಿದೆಯೇ, ಕ್ರ್ಯಾಂಕ್ ಸೆನ್ಸರ್ ಸುತ್ತುಗಳನ್ನು ಎಣಿಸುತ್ತಿದೆಯೇ ಎಂಬ ಎರಡು ವಿಷಯ ಮೊದಲು ಕೇಳಿ.